ಒಂಬತ್ತನೇ ವಚನಕ್ಕೆ ಮೊದಲು ಎಂಟನೆಯದಿದೆ

ಸಕಲೇಶಪುರ ಕಡೆಯ ಓದುಗರೊಬ್ಬರ ಪತ್ರ:

‘ನಾನು ನಮ್ಮ ಸಭೆಯ ಹಿರಿಯರಲ್ಲಿ ಒಬ್ಬ. ಈಸ್ಟರ್ ದಿನ ಬಾಗಿಲಲ್ಲಿ ನಿಂತಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಸಭೆಯದೇ ಹುಡುಗಿ ಜೀನ್ಸ್, ಗಿಡ್ಡ ಟಾಪ್ ಹಾಕಿಕೊಂಡು ಬಂದಳು. ತಲೆ ಮೇಲೆ ಮುಸುಕೂ ಇಲ್ಲ. ಮನೆಗೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಾ ಎಂದೆ. ಹೋದವಳು ವಾಪಸ್ ಬರಲಿಲ್ಲ. ಅವಳ ಅಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ನಾನು ಮಾಡಿದ್ದು ತಪ್ಪೇ? 1 ತಿಮೊಥೆಯ 2:9, 1 ಪೇತ್ರ 3:3 ವಚನಗಳನ್ನು ದಪ್ಪ ಅಕ್ಷರದಲ್ಲಿ ಮುಖಪುಟದಲ್ಲೇ ಹಾಕಿ, ಯುವಜನ ಓದಲಿ. ನನ್ನ ಹೆಸರು ಬೇಡ.’

ಹಿರಿಯರೇ, ವಂದನೆಗಳು.

ನಿಮ್ಮ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೇ ಇದೆ. ನಿಮ್ಮನ್ನು ಬೈದು ಬರೆದರೆ ಯುವಕರು ಚಪ್ಪಾಳೆ ತಟ್ಟುತ್ತಾರೆ, ಹೊಗಳಿ ಬರೆದರೆ ಹಿರಿಯರು ತಟ್ಟುತ್ತಾರೆ. ಎರಡೂ ಸುಲಭ. ಆದರೆ ನೀವು ‘ತಪ್ಪೇ?’ ಎಂದು ಕೇಳಿದ್ದೀರಿ. ಬಾಗಿಲಲ್ಲಿ ನಿಲ್ಲುವವರು ಹಾಗೆ ಕೇಳುವುದು ಅಪರೂಪ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ವಚನ ಹಾಕೋಣ. ಅದಕ್ಕೆ ಮೊದಲು ನೀವೇ ಒಮ್ಮೆ ಬೆರಳಿಟ್ಟು ಓದಿ. ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಈ ಪತ್ರದಲ್ಲಿ ಪೌಲ ಬೇಡ ಅನ್ನುವುದು ಏನೇನು? ಜಡೆ, ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆ. ಪೇತ್ರನ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಮಾನ ಮರ್ಯಾದೆಯ ಮಾತು ಅಲ್ಲಿ ಇದೆ, ಇಲ್ಲ ಅನ್ನಲ್ಲ. ಆದರೆ ಟಾಪ್ ಎಷ್ಟುದ್ದ, ತೋಳು ಎಷ್ಟುದ್ದ ಎಂಬ ಲೆಕ್ಕ ಎಲ್ಲೂ ಇಲ್ಲ. ಅಲ್ಲಿರುವುದೆಲ್ಲ ದುಡ್ಡಿನ ಲೆಕ್ಕ.

ಯಾಕೆ ಅಂದರೆ, ತಿಮೊಥೆಯ ಆಗ ಇದ್ದದ್ದು ಈಗಿನ ಟರ್ಕಿಯಲ್ಲಿದ್ದ ಎಫೆಸದಲ್ಲಿ. ಬಂದರಿನ ಊರು, ವ್ಯಾಪಾರದ ಊರು, ಹಣ ಓಡಾಡುವ ಊರು. ಆ ಶತಮಾನದ ರೋಮನ್ ಶ್ರೀಮಂತ ಹೆಂಗಸರ ಕಲ್ಲಿನ ಮೂರ್ತಿಗಳ ಚಿತ್ರ ನೋಡಿ. ಹಣೆಯ ಮೇಲೆ ಗುಂಗುರು ಕೂದಲಿನ ಗೋಪುರವೇ ಎದ್ದಿರುತ್ತದೆ. ಅದನ್ನು ಯಾರೂ ತಾವೇ ಕಟ್ಟಿಕೊಳ್ಳೋಕೆ ಆಗಲ್ಲ. ಹಿಂದೆ ಒಬ್ಬಳು ದಾಸಿ ನಿಂತು ಕಟ್ಟಬೇಕು. ಇನ್ನು ಮುತ್ತು. ಅದೇ ಕಾಲದ ಪ್ಲಿನಿ ಎಂಬ ರೋಮನ್ ಲೇಖಕ, ಭಾರತ, ಚೀನಾ, ಅರೇಬಿಯಾ ಸೇರಿ ವರ್ಷಕ್ಕೆ 10 ಕೋಟಿ ಸೆಸ್ಟರ್ಸ್ ನಾಣ್ಯವನ್ನು ರೋಮಿನಿಂದ ಎಳೆದುಕೊಳ್ಳುತ್ತಿವೆ ಎಂದು ಗೊಣಗಿದ್ದಾನೆ. ಚಕ್ರವರ್ತಿಯ ಹೆಂಡತಿಯಾಗಿದ್ದ ಲೊಲ್ಲಿಯಾ ಪೌಲಿನಾ ಒಂದು ನಿಶ್ಚಿತಾರ್ಥದ ಊಟಕ್ಕೆ 4 ಕೋಟಿಯ ಪಚ್ಚೆ, ಮುತ್ತು ಹೇರಿಕೊಂಡು ಬಂದಿದ್ದನ್ನು ಕಣ್ಣಾರೆ ಕಂಡೆ ಎಂದೂ ಬರೆದಿದ್ದಾನೆ. ಆಗ ರೋಮಿಗೆ ನಮ್ಮ ದಕ್ಷಿಣದ ಮನ್ನಾರ್ ಕೊಲ್ಲಿಯಿಂದಲೂ ಮುತ್ತು ಹೋಗುತ್ತಿತ್ತು. ಇಂಥವರೂ, ಅವರ ಕೂದಲು ಕಟ್ಟುವ ದಾಸಿಯರೂ ಒಂದೇ ಮನೆಯಲ್ಲಿ ಪ್ರಾರ್ಥನೆಗೆ ಸೇರಿದರೆ ಏನಾಗುತ್ತದೆ? ಪೌಲನ ಚಿಂತೆ ಅದು, ಅಂತ ನಾನು ಓದಿಕೊಂಡಿದ್ದೇನೆ.

ಈಗ ಹೇಳಿ, ಈ ವಚನ ದಪ್ಪ ಅಕ್ಷರದಲ್ಲಿ ಬಂದರೆ ಮೊದಲು ಏಟು ಬೀಳುವುದು ಯಾರಿಗೆ? ಮದುವೆ ದಿನ ಮುಂದಿನ ಬೆಂಚಿನಲ್ಲಿ ಕೂರುವ ನಮಗೇ ಅಲ್ವಾ? ಕಾಂಜೀವರಂ ಸೀರೆ, ಕಾಸಿನ ಸರ, ಎರಡು ಕೈಗೂ ತುಂಬ ಬಳೆ. ಕಾಫಿಗೆ ರೇಟು ಬಂದ ವರ್ಷವಂತೂ ಕೇಳೋದೇ ಬೇಡ. ಅದನ್ನು ನೋಡಿ ಲೈನ್ ಮನೆಯ ತೋಟದ ಕೂಲಿಯವರು ಮಗಳ ಮದುವೆಗೆ ಸಂಘದಲ್ಲಿ ಸಾಲ ಎತ್ತುತ್ತಾರೆ. ಹಾಗೆ ಒಡವೆ ಹೇರಿಕೊಂಡು ಬಂದವರನ್ನು ಯಾವ ಹಿರಿಯರೂ ಬಾಗಿಲಲ್ಲಿ ತಡೆದದ್ದನ್ನು ನಾನು ನೋಡಿಲ್ಲ. ಕೈಮುಗಿದು ಒಳಗೆ ಕರೆದದ್ದನ್ನು ನೋಡಿದ್ದೇನೆ. ನಾನೇ ಕರೆದಿದ್ದೇನೆ.

ಹಾಗಂತ ಒಡವೆಯೇ ಪಾಪ ಅಂತಲ್ಲ. ಬೈಬಲಿನಲ್ಲೇ ರೆಬೆಕ್ಕಳಿಗೆ ಮೂಗುತಿ, ಬಳೆ ಕೊಟ್ಟೇ ಹೆಣ್ಣು ಕೇಳಿದ್ದು. ಬೇಲೂರಿನ ದರ್ಪಣ ಸುಂದರಿ ಎಂಟು-ಒಂಬತ್ತು ಶತಮಾನದಿಂದ ಕನ್ನಡಿ ಹಿಡಿದು ನಿಂತಿರುವ ಜಿಲ್ಲೆ ನಮ್ಮದು. ಇಲ್ಲಿ ಕೂತು ಅಲಂಕಾರವನ್ನು ಬೈದರೆ ಯಾರು ಕೇಳುತ್ತಾರೆ!

ಇನ್ನೊಂದು ವಿಷಯ. ತಿಮೊಥೆಯನ ಪತ್ರದ ಆ ಒಂಬತ್ತನೇ ವಚನ ‘ಹಾಗೆಯೇ’ ಎಂದು ಶುರುವಾಗುತ್ತದೆ. ಹಾಗೆಯೇ ಅಂದರೆ ಹೇಗೆ? ಎಂಟನೆಯದು ನೋಡಿ. ಅದು ಗಂಡಸರಿಗೆ. ಕೋಪ, ವಾಗ್ವಾದ ಬಿಟ್ಟು ಶುದ್ಧವಾದ ಕೈಗಳನ್ನೆತ್ತಿ ಪ್ರಾರ್ಥಿಸಿ ಎಂದು. ನಾವು ಗಂಡಸರು ಎಂಟನ್ನು ಹಾರಿ ನೇರ ಒಂಬತ್ತಕ್ಕೆ ಬರುತ್ತೇವೆ. ಹೆಂಗಸರ ಉಡುಪಿಗೆ ಪೌಲ ಬಳಸಿದ ‘ಕೊಸ್ಮಿಯೊಸ್’ ಎಂಬ ಗ್ರೀಕ್ ಪದ ಮುಂದಿನ ಅಧ್ಯಾಯದ ಎರಡನೇ ವಚನದಲ್ಲಿ ಮತ್ತೆ ಬರುತ್ತದೆ. ಅಲ್ಲಿ ಅದು ಸಭೆ ನಡೆಸುವವನಿಗೆ ಇರಬೇಕಾದ ಗುಣ. ಪೇತ್ರ ಹೆಂಗಸರಿಗೆ ಹೇಳಿದ ‘ಸಾತ್ವಿಕ’ ಮನಸ್ಸೂ ಹಾಗೇ. ಮತ್ತಾಯ 11:29ರಲ್ಲಿ ‘ನಾನು ಸಾತ್ವಿಕನು’ ಎಂದದ್ದು ಯೇಸು.

ಮುಸುಕಿನ ಪ್ರಶ್ನೆ 1 ಕೊರಿಂಥದ 11ನೇ ಅಧ್ಯಾಯದ್ದು, ಅದಕ್ಕೆ ಬೇರೆಯದೇ ಪತ್ರ ಬೇಕು. ಗಂಡಸು ಕೂದಲು ಉದ್ದ ಬಿಡುವುದರ ಬಗ್ಗೆಯೂ ಅದೇ ಅಧ್ಯಾಯದಲ್ಲಿದೆ. ಗಿಟಾರ್ ಬಾರಿಸುವ ನಮ್ಮ ಹುಡುಗರನ್ನು ಯಾರೂ ಮನೆಗೆ ಕಳಿಸಿಲ್ಲ ಎಂದಷ್ಟೇ ನೆನಪಿಸುತ್ತೇನೆ.

ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ಯಾಕೆ ಅಂತ ಹೇಳಿಬಿಡುತ್ತೇನೆ. ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇದ್ದಾಗ ನಾನೂ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಜುಲೈ ತಿಂಗಳು, ಬಿಡದ ಮಳೆ. ತೋಟದ ಕೆಲಸದ ಹೆಂಗಸೊಬ್ಬರು ಕಂಬಳಿ ಕೊಪ್ಪೆ ಹೊದ್ದು ಬಂದರು. ಕೊಪ್ಪೆ ತೆಗೆದು ಗೋಡೆಗೆ ಸಿಕ್ಕಿಸಿದಾಗ ಮೈಯಿಂದ ಹೊಗೆ ವಾಸನೆ. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ ಅಲ್ವಾ, ಇದ್ದ ಒಂದು ಒಳ್ಳೆ ಸೀರೆಯನ್ನು ಶನಿವಾರ ರಾತ್ರಿ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದರು. ಅಂಚು ಇನ್ನೂ ಹಸಿ. ಕಾಲಲ್ಲಿ ಇಂಬಳ ಕಚ್ಚಿದ ಜಾಗದಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಅವತ್ತು ಹಾಸನದಿಂದ ಅತಿಥಿಗಳು ಬಂದಿದ್ದರು. ನಾನು ಮೆಲ್ಲಗೆ, ತುಂಬ ಮರ್ಯಾದೆಯಿಂದಲೇ, ‘ಅಮ್ಮಾ, ಹಿಂದೆ ಕೂತ್ಕೊಳ್ಳಿ’ ಎಂದೆ. ಅವರು ಚಪ್ಪಲಿಗಳ ಪಕ್ಕ ಕೂತರು. ಬೇಜಾರು ಮಾಡಿಕೊಂಡ ಹಾಗೂ ಕಾಣಲಿಲ್ಲ. ಅಭ್ಯಾಸವಾಗಿತ್ತೋ ಏನೋ.

ಯಾಕೋಬನ ಪತ್ರದ ಎರಡನೇ ಅಧ್ಯಾಯ ನಾನು ಆಗಲೇ ಎಷ್ಟೋ ಸಲ ಓದಿದ್ದೆ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಕೊಳೆಬಟ್ಟೆಯ ಬಡವನಿಗೆ ‘ನೀನು ಅಲ್ಲಿ ನಿಲ್ಲು, ಇಲ್ಲ ಕಾಲ ಹತ್ತಿರ ಕೂತುಕೋ’. ಓದಿದ್ದರೂ ಆ ಬೆಳಿಗ್ಗೆ ನೆನಪಿಗೆ ಬರಲಿಲ್ಲ. ಆಮೇಲೆ ಆ ಹೆಂಗಸು ಬೇರೆ ತೋಟಕ್ಕೆ ಹೋದರು, ಎಲ್ಲಿಗೆ ಅಂತ ಗೊತ್ತಾಗಲಿಲ್ಲ. ಇವತ್ತಿಗೂ ಒದ್ದೆ ಬಟ್ಟೆಗೆ ಹೊಗೆ ಹಿಡಿದ ವಾಸನೆ ಬಂದರೆ ನನಗೆ ಒಂಥರಾ ಆಗುತ್ತದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ದೇವರ ಮನೆಗೆ ತಕ್ಕ ಉಡುಪು ಅಂತ ಒಂದಿದೆ, ಒಪ್ಪುತ್ತೇನೆ. ಸಾವಿನ ಮನೆಗೆ ಮಿಂಚಿನ ಸೀರೆ ಉಟ್ಟು ಹೋಗಲ್ಲ ನಾವು. ಆ ಟಾಪ್ ನನ್ನ ಮಗಳು ಹಾಕಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಆದರೆ ಮನೆಯಲ್ಲಿ ಅನ್ನುತ್ತಿದ್ದೆ. ನೀವು ಹತ್ತು ಜನರ ಎದುರು, ಹಬ್ಬದ ದಿನ, ಆರು ತಿಂಗಳಿಗೊಮ್ಮೆ ಊರಿಗೆ ಬರುವ ಮಗುವನ್ನು ಬಾಗಿಲಿಂದ ಕಳಿಸಿದಿರಿ. ಅದು ತಪ್ಪೇ. ‘ನೋಡುವವರ ಮನಸ್ಸು ಕೆಡುತ್ತದೆ’ ಎಂದು ಬೇರೆಯವರೂ ನಮಗೆ ಬರೆಯುತ್ತಿರುತ್ತಾರೆ. ಅಂಥವರಿಗೆ ಮತ್ತಾಯ 5:29 ಇದೆ. ಅಲ್ಲಿ ಯೇಸು ಕಿತ್ತು ಬಿಸಾಡು ಎಂದಿದ್ದು ನೋಡುವವನ ಕಣ್ಣನ್ನು.

ಮುಂದಿನ ಸಂಚಿಕೆಯಲ್ಲಿ ನೀವು ಕೇಳಿದ ವಚನಗಳು ಬರುತ್ತವೆ. ಎಂಟರಿಂದ ಹತ್ತರವರೆಗೆ, ಎಲ್ಲವೂ ಒಂದೇ ಗಾತ್ರದ ಅಕ್ಷರದಲ್ಲಿ.

ಅವರ ಮನೆಗೆ ಹೋಗುತ್ತೀರಾದರೆ ಪಾಸ್ಟರ್ ಅಯ್ಯನವರನ್ನಾಗಲಿ ಇನ್ನಿಬ್ಬರು ಹಿರಿಯರನ್ನಾಗಲಿ ಜೊತೆಗೆ ಕರೆದುಕೊಂಡು ಹೋಗಬೇಡಿ, ಪಂಚಾಯ್ತಿ ಥರ ಆಗುತ್ತದೆ. ಅಪ್ಪನ ಹತ್ತಿರ ಮಾತಾಡಿ ಮುಗಿಸಲೂ ಬೇಡಿ. ಹುಡುಗಿ ರಜೆಗೆ ಬಂದಾಗ ಹೋಗಿ. ನೀವು ಅಂದದ್ದು ಅವಳಿಗೆ. ಅವಳು ಅವತ್ತು ಏನು ಹಾಕಿಕೊಂಡಿರುತ್ತಾಳೋ, ಅದರ ಬಗ್ಗೆ ಮಾತ್ರ ದಯವಿಟ್ಟು ಸುಮ್ನೆ ಇರಿ.