ಸಿವಿಲ್ ಓದಿದವರಿಗೆ ಸಾರಿಗೆ ಯೋಜನೆಯೇ ಸರಿಯೇ?

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದೇನೆ. ನಗರ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಆಸೆಯಿದೆ. ಸಿವಿಲ್ ಓದಿದವರು ಸಾರಿಗೆ ವಿಭಾಗವನ್ನೇ ಆರಿಸಿಕೊಳ್ಳಬೇಕೆಂದು ಹಲವರು ಹೇಳುತ್ತಾರೆ. ಇದು ನಿಜವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಮಾತಿನಲ್ಲಿ ಅರ್ಧ ನಿಜವಿದೆ. ವಾಹನಗಳ ಎಣಿಕೆ, ರಸ್ತೆ ವಿನ್ಯಾಸ, ಲೆಕ್ಕಾಚಾರಗಳು ನಿಮಗೆ ಪರಿಚಿತವಾಗಿರುವುದರಿಂದ ಮೊದಲ ಸೆಮಿಸ್ಟರ್ ಹಗುರವೆನಿಸಬಹುದು. ಆದರೆ ಸಾರಿಗೆ ಯೋಜನೆಯು ಹೆದ್ದಾರಿ ಎಂಜಿನಿಯರಿಂಗ್‌ನ ಮುಂದುವರಿದ ಭಾಗವಲ್ಲ. ಈ ರಸ್ತೆಯಲ್ಲಿ ಎಷ್ಟು ವಾಹನಗಳು ಸಾಗಬಲ್ಲವು ಎಂದು ಎಂಜಿನಿಯರ್ ಕೇಳಿದರೆ, ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ ಆದದ್ದು ಹೇಗೆ, ಬಸ್ ನಿಲ್ದಾಣದವರೆಗೆ ನಡೆದು ಹೋಗಲು ಜನರಿಗೆ ಏಕೆ ಸಾಧ್ಯವಾಗುತ್ತಿಲ್ಲ ಎಂದು ಯೋಜಕ ಕೇಳಬೇಕಾಗುತ್ತದೆ. ಅಷ್ಟರಲ್ಲಿ ಚರ್ಚೆ ರಸ್ತೆಯನ್ನು ಬಿಟ್ಟು ಭೂಬಳಕೆಗೆ ಹೊರಳಿರುತ್ತದೆ.

ಆಯ್ಕೆಗೆ ಯಾವ ವಿಭಾಗಗಳಿವೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ನಗರ, ಪ್ರಾದೇಶಿಕ, ಸಾರಿಗೆ ಮತ್ತು ಪರಿಸರ ಯೋಜನೆ ಹಾಗೂ ವಸತಿ ಪ್ರತ್ಯೇಕ ವಿಭಾಗಗಳಾಗಿವೆ. ಖರಗ್‌ಪುರದ ಐಐಟಿ ನೀಡುವುದು ನಗರ ಯೋಜನೆಯ ಒಂದೇ ಸ್ನಾತಕೋತ್ತರ ಪದವಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯನ್ನು ಒಟ್ಟಿಗೆ ಕಲಿಸುತ್ತಾರೆ.

ಪ್ರಾದೇಶಿಕ ಯೋಜನೆಯನ್ನು ವಿದ್ಯಾರ್ಥಿಗಳು ಅನಗತ್ಯವಾಗಿ ಕಡೆಗಣಿಸುತ್ತಾರೆಂಬುದು ನನ್ನ ಅನಿಸಿಕೆ. ನಿಮ್ಮ ಊರನ್ನೇ ನೋಡಿ: ದಾವಣಗೆರೆಗೂ ತುಂಗಭದ್ರೆಯ ದಡದ ಹರಿಹರಕ್ಕೂ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ. ಎರಡು ಊರುಗಳ ನಡುವಿನ ಹೊಲಗಳು ಬಡಾವಣೆಗಳಾಗಬೇಕೆ, ಹೊಳೆಯ ನೀರು ಎಷ್ಟು ಜನರಿಗೆ ಸಾಕಾಗುತ್ತದೆ ಎಂಬ ಪ್ರಶ್ನೆಗಳಿಗೆ ಒಂದೇ ಊರಿನ ನಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ. ಸರ್ಕಾರಿ ಕೆಲಸದ ಮೇಲೆ ಕಣ್ಣಿದ್ದರಂತೂ ಈ ಅಧ್ಯಯನ ಉಪಯುಕ್ತ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಮಹಾಯೋಜನೆ (ಊರು ಮುಂದೆ ಹೇಗೆ ಬೆಳೆಯಬೇಕೆಂದು ತೋರಿಸುವ ಮಾಸ್ಟರ್ ಪ್ಲಾನ್) ಸಿದ್ಧಪಡಿಸುವಾಗ ಪೇಟೆಯ ಜೊತೆಗೆ ಅದರ ಸುತ್ತಲಿನ ಹಳ್ಳಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಪರಿಸರ ಯೋಜನೆಯಲ್ಲಿಯೂ ಸಿವಿಲ್ ಪದವೀಧರರಿಗೆ ಒಳ್ಳೆಯ ನೆಲೆಯಿದೆ. ಬೆಂಗಳೂರಿನ ಒಂದು ಕೆರೆಯ ಹೆಚ್ಚುವರಿ ನೀರನ್ನು ಮುಂದಿನ ಕೆರೆಗೆ ಸಾಗಿಸುವ ರಾಜಕಾಲುವೆ ಮುಚ್ಚಿಹೋದರೆ ಮಳೆ ನೀರು ಬಡಾವಣೆಗೆ ನುಗ್ಗುವುದೇಕೆಂದು ಜಲವಿಜ್ಞಾನ ಓದಿದ ನಿಮಗೆ ವಿವರಿಸಬೇಕಾಗಿಲ್ಲ. ವಸತಿ ವಿಭಾಗದಲ್ಲಿ ಕಟ್ಟಡಕ್ಕಿಂತ ಭೂಮಿಯ ಬೆಲೆ, ಸಾಲ ಮತ್ತು ಹಕ್ಕುಪತ್ರಗಳ ವಿಚಾರವೇ ಹೆಚ್ಚು; ಅರ್ಥಶಾಸ್ತ್ರ ರುಚಿಸದಿದ್ದರೆ ಅದು ಬೇಡ.

ವಿಭಾಗ ಯಾವುದೇ ಆದರೂ ಎರಡು ವರ್ಷಗಳ ಓದಿನ ಹೆಚ್ಚಿನ ಹೊತ್ತು ಸ್ಟುಡಿಯೋದಲ್ಲಿ, ಅಂದರೆ ಒಂದು ಊರನ್ನು ಸಮೀಕ್ಷೆ ಮಾಡಿ, ಅಲ್ಲಿನ ಜನರನ್ನು ಮಾತನಾಡಿಸಿ, ಯೋಜನೆ ರೂಪಿಸುವುದರಲ್ಲಿ ಕಳೆಯುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲು ಆ ಸಂಸ್ಥೆಯ ಹಿಂದಿನ ವಿದ್ಯಾರ್ಥಿಗಳ ಸ್ಟುಡಿಯೋ ವರದಿಗಳನ್ನು ಕೇಳಿ ಪಡೆದು ಓದಿ.