ಏಣಿಯ ಚಿತ್ರ ಹಾಕುವುದಿಲ್ಲ, ಮೇಷ್ಟ್ರೇ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಭೂಮಿಯ ಮೇಲಿನ ಜೀವಚರಿತ್ರೆಯ ಬಗ್ಗೆ ವಿದ್ಯಾರ್ಥಿಗಳಿಗಾಗಿ ನಾವು ಪ್ರಕಟಿಸುತ್ತಿರುವ ಲೇಖನಮಾಲೆ ಅವರಿಗೆ ಹಿಡಿಸಿಲ್ಲ. ದೂರಿನ ತಿರುಳು ಇಷ್ಟು: "ಬ್ಯಾಕ್ಟೀರಿಯಾಗಳಿಗೆ ಎರಡು ಸಂಚಿಕೆ ಕೊಟ್ಟಿರಿ, ಮನುಷ್ಯನಿಗೆ ಅರ್ಧ ಪುಟ. ಮೀನು, ಕಪ್ಪೆ, ಹಲ್ಲಿ, ಮಂಗ, ಮನುಷ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಿದರೆ ಮಕ್ಕಳ ತಲೆಗೆ ಹತ್ತುತ್ತದೆ. ಬಗ್ಗಿ ನಡೆಯುವ ಮಂಗ ಒಂದೊಂದೇ ಹೆಜ್ಜೆಗೆ ನೆಟ್ಟಗಾಗಿ ಮನುಷ್ಯನಾಗುವ ಆ ಪ್ರಸಿದ್ಧ ಚಿತ್ರವನ್ನಾದರೂ ಹಾಕಬಾರದಿತ್ತೇ?" ಅವರ ತರಗತಿಯ ಹುಡುಗಿಯೊಬ್ಬಳು "ಮಂಗನಿಂದ ಮನುಷ್ಯ ಬಂದ ಮೇಲೂ ಮಂಗಗಳು ಯಾಕೆ ಉಳಿದಿವೆ ಸಾರ್?" ಎಂದು ಕೇಳಿದಳಂತೆ. ಅವಳಿಗೆ ಎರಡು ಮಾತಿನಲ್ಲಿ ಏನು ಹೇಳಲಿ, ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿಸಲೇಬೇಕೇ ಎಂದೂ ಕೇಳಿದ್ದಾರೆ.

ಸಂಪಾದಕರ ಉತ್ತರ:

ಪ್ರಿಯ ಮೇಷ್ಟ್ರೇ,

ಸಿಟ್ಟಿನಲ್ಲೂ ನಿಮ್ಮ ಅಕ್ಷರ ದುಂಡಗೇ ಇದೆ, ಅದಕ್ಕೊಂದು ನಮಸ್ಕಾರ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಪರೀಕ್ಷೆಯನ್ನು ತಲೆಯ ಮೇಲೆ ಹೊತ್ತುಕೊಂಡು, ನೂರಾರು ಕೋಟಿ ವರ್ಷಗಳ ಕಥೆ ಹೇಳುವ ಕಷ್ಟ ಕುರ್ಚಿಯಲ್ಲಿ ಕೂತು ಬರೆಯುವ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನೀವು ಹೇಳುವ ಅನುಕ್ರಮವೂ ಪೂರ್ತಿ ಸುಳ್ಳಲ್ಲ. ಮೀನುಗಳು ಮೊದಲು ಬಂದವು, ನಾಲ್ಕು ಕಾಲಿನವು ಆಮೇಲೆ. ಇಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರುತ್ತೇನೆ.

ಆ ಹುಡುಗಿಯ ಪ್ರಶ್ನೆ ಎಲ್ಲಿಂದ ಹುಟ್ಟಿತು ಹೇಳಿ? ನೀವು ಹಾಕಿ ಎನ್ನುತ್ತಿರುವ ಚಿತ್ರದಿಂದಲೇ. ಹಿಂದೆ ನಿಂತವನೇ ಮುಂದಿನವನಾದ ಎಂದು ಚಿತ್ರ ಸಾರುತ್ತದೆ. ಹಾಗಿದ್ದರೆ ಹಿಂದಿನವನು ಇನ್ನೂ ಮರದ ಮೇಲೆ ಯಾಕಿದ್ದಾನೆ ಎಂದು ಬುದ್ಧಿಯಿರುವ ಮಗು ಕೇಳಲೇಬೇಕು. ಅವಳ ತರ್ಕದಲ್ಲಿ ಲೋಪವಿಲ್ಲ, ಅವಳ ಕೈಗೆ ಕೊಟ್ಟ ಚಿತ್ರದಲ್ಲಿದೆ. ಎರಡು ಮಾತಿನ ಉತ್ತರ ಬೇಕೆಂದಿರಿ, ತೆಗೆದುಕೊಳ್ಳಿ: ಇವತ್ತು ಬದುಕಿರುವ ಯಾವ ಮಂಗನಿಂದಲೂ ಮನುಷ್ಯ ಬಂದವನಲ್ಲ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಚಿಂಪಾಂಜಿಗೂ ನಮಗೂ ಪೂರ್ವಜರು ಒಂದೇ. ಅಲ್ಲಿಂದ ಒಂದು ಕವಲು ಅವುಗಳ ಕಡೆಗೆ ಹೋಯಿತು, ಇನ್ನೊಂದು ನಮ್ಮ ಕಡೆಗೆ ಬಂತು.

ಸುಮ್ಮನೆ ನಂಬು ಎಂದು ಅವಳಿಗೆ ಹೇಳಬೇಡಿ, ಪುರಾವೆ ತೋರಿಸಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ ವರ್ಣತಂತು (ಕ್ರೋಮೋಸೋಮ್)ಗಳಿವೆ, ನಮಗೆ 23. ಒಂದು ಜೊತೆ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ವರ್ಣತಂತುವಿನ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರು ಡಿಎನ್‌ಎ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ನಮ್ಮ ಎರಡನೇ ವರ್ಣತಂತುವಿನಲ್ಲಿ ಅವು ತುದಿಯಲ್ಲಷ್ಟೇ ಅಲ್ಲದೆ ನಡುವೆಯೂ ಸಿಗುತ್ತವೆ, ಅದೂ ಒಂದು ಜಾಗಕ್ಕೆ ಬಂದು ಅಲ್ಲಿಂದ ಮುಂದೆ ಸಿಸಿಸಿಟಿಎಎ ಎಂದು ತಿರುಗಿಕೊಳ್ಳುತ್ತವೆ. ಎರಡು ವರ್ಣತಂತುಗಳು ತುದಿಗೆ ತುದಿ ತಾಗಿಸಿ ಬೆಸೆದುಕೊಂಡ ಗುರುತು ಅದು. 1991ರಲ್ಲಿ ಅದನ್ನು ಅಕ್ಷರ ಅಕ್ಷರವಾಗಿ ಓದಿದರು. ಕೋಶ ಎರಡಾಗುವಾಗ ವರ್ಣತಂತುವನ್ನು ಎಳೆಯಲು ಹಿಡಿಕೆಯಂತಿರುವ ಭಾಗವೇ ಸೆಂಟ್ರೊಮಿಯರ್; ಕೆಲಸ ನಿಲ್ಲಿಸಿದ ಇನ್ನೊಂದು ಸೆಂಟ್ರೊಮಿಯರ್‌ನ ಅವಶೇಷವೂ ಅದೇ ವರ್ಣತಂತುವಿನಲ್ಲಿದೆ. ಕಪ್ಪುಹಲಗೆಯ ಮೇಲೆ ಇದನ್ನು ಬರೆದು ತೋರಿಸಲು ಐದು ನಿಮಿಷ ಸಾಕು.

ನೀವು ಕೇಳಿದ ಚಿತ್ರದ ಜಾತಕವನ್ನೂ ಸ್ವಲ್ಪ ನೋಡೋಣ. 1965ರಲ್ಲಿ ಅಮೆರಿಕದಲ್ಲಿ ಜನಸಾಮಾನ್ಯರಿಗಾಗಿ ಹೊರಬಂದ ಪುಸ್ತಕವೊಂದಕ್ಕೆ ರುಡಾಲ್ಫ್ ಜಾಲಿಂಗರ್ ಎಂಬ ಕಲಾವಿದ ಬರೆದುಕೊಟ್ಟದ್ದು ಅದು. ಮಡಿಚಿದ ಹಾಳೆಗಳನ್ನು ಬಿಡಿಸಿದರೆ ಹದಿನೈದು ಆಕೃತಿಗಳ ಮೆರವಣಿಗೆ. ಅವುಗಳಲ್ಲಿ ಕೆಲವು ನಮ್ಮ ನೇರ ಪೂರ್ವಜರಲ್ಲ ಎಂದು ಆ ಪುಸ್ತಕದ ಅಡಿಬರಹಗಳೇ ಹೇಳುತ್ತಿದ್ದವು. ಅಡಿಬರಹ ಯಾರು ಓದುತ್ತಾರೆ? ಚಿತ್ರ ಗೆದ್ದಿತು. ಈಗ ಮೊಬೈಲು, ಕಾರು, ಶೂ ಮಾರುವವರೆಲ್ಲ ಅದನ್ನೇ ತಿದ್ದಿ ತೀಡಿ ಹಾಕಿಕೊಳ್ಳುತ್ತಾರೆ. ಡಾರ್ವಿನ್ ಬರೆದ ಚಿತ್ರ ಅದಲ್ಲ. 1837ರ ತನ್ನ ಟಿಪ್ಪಣಿ ಪುಸ್ತಕದಲ್ಲಿ ಆತ ಗೀಚಿಕೊಂಡದ್ದು ಅಡ್ಡಾದಿಡ್ಡಿ ಕವಲೊಡೆದ ಒಂದು ಪೊದೆಯನ್ನು. 1859ರಲ್ಲಿ ಪ್ರಕಟಿಸಿದ ದಪ್ಪ ಪುಸ್ತಕದಲ್ಲೂ ಇದ್ದದ್ದು ಒಂದೇ ಚಿತ್ರ, ಅದೂ ಕವಲುಗಳದ್ದೇ. ಬಹುಪಾಲು ಗೆರೆಗಳು ಅರ್ಧ ದಾರಿಯಲ್ಲೇ ನಿಂತುಹೋಗುತ್ತವೆ.

ಕುದುರೆಗೂ ಇದೇ ಅನ್ಯಾಯವಾಗಿದೆ. ನಾಯಿಗಾತ್ರದ, ಬೆರಳುಗಳಿದ್ದ ಪುಟ್ಟ ಪ್ರಾಣಿ ಐದೂವರೆ ಕೋಟಿ ವರ್ಷಗಳಲ್ಲಿ ನೇರವಾಗಿ ಬೆಳೆಬೆಳೆದು ಒಂದೇ ಗೊರಸಿನ ಕುದುರೆಯಾಯಿತು ಎಂದು ಎಷ್ಟೋ ಪಠ್ಯಗಳಲ್ಲಿ ಓದುತ್ತೇವೆ. ಪಳೆಯುಳಿಕೆಗಳನ್ನು ಸಾಲಾಗಿ ಇಟ್ಟವರು ಕಂಡದ್ದು ಬೇರೆ: ಹತ್ತಾರು ಕವಲುಗಳು, ಒಂದೇ ಕಾಲದಲ್ಲಿ ಮೂರು ಬೆರಳಿನವೂ ಒಂಟಿ ಗೊರಸಿನವೂ. ನ್ಯಾನಿಪ್ಪಸ್ ಎಂಬ ಕವಲಂತೂ ದೊಡ್ಡದಾಗುವ ಬದಲು ಕುಳ್ಳಗಾಯಿತು. ಇವೆಲ್ಲ ಅಳಿದು ಒಂದೇ ಕುಲ ಉಳಿದಿರುವುದರಿಂದ ಅದರ ಕಡೆಗೆ ಗೆರೆ ಎಳೆಯುವುದು ಸುಲಭವಾಗಿದೆ. ಬಾವಲಿಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ; ಅವುಗಳಿಗೆ ಯಾರಾದರೂ ಏಣಿ ಬರೆದದ್ದುಂಟೇ? ಕವಲುಗಳು ಸತ್ತುಹೋದ ಕುಟುಂಬಕ್ಕೇ ಏಣಿಯ ಗೌರವ ಎಂದು ಪಳೆಯುಳಿಕೆ ತಜ್ಞ ಸ್ಟೀಫನ್ ಜೇ ಗೌಲ್ಡ್ ಗೇಲಿ ಮಾಡುತ್ತಿದ್ದರು. ಮನುಷ್ಯನೂ ಅಂಥದೇ ಒಂದು ಬಡ ಕುಟುಂಬದವನು.

ಜೀವವಿಕಾಸಕ್ಕೆ ಮುಂದೆ, ಮೇಲೆ ಎಂಬ ದಿಕ್ಕೇ ಇಲ್ಲ ಎಂದು ಮಕ್ಕಳಿಗೆ ತೋರಿಸಲು ನನ್ನ ಮೆಚ್ಚಿನ ಉದಾಹರಣೆ ಗ್ಯಾಲಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರ್ಯಾಂಟ್ ದಂಪತಿ 1973ರಿಂದ ದಶಕಗಳ ಕಾಲ ಆ ಚಿಕ್ಕ ದ್ವೀಪದ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಕೊಕ್ಕಿನ ಅಳತೆ ತೆಗೆದು ಹಾರಿಬಿಟ್ಟರು. 1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳನ್ನೆಲ್ಲ ಹಕ್ಕಿಗಳು ತಿಂದು ಮುಗಿಸಿದವು. ಉಳಿದದ್ದು ನೆಗ್ಗಿಲ ಜಾತಿಯ ಗಿಡದ ಮುಳ್ಳುಕಾಯಿ. ಅದರ ಮೂಲೆ ಮುರಿದು ಒಳಗಿನ ಬೀಜ ತೆಗೆಯಬೇಕೆಂದರೆ ಕೊಕ್ಕು ದಪ್ಪಗಿರಬೇಕು. ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸತ್ತವು. ಬದುಕಿದವುಗಳ ಕೊಕ್ಕು ಸರಾಸರಿಯಲ್ಲಿ ಮೊದಲಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ, ಅಷ್ಟೇ. ಅವುಗಳ ಮರಿಗಳಿಗೂ ದಪ್ಪ ಕೊಕ್ಕೇ ಬಂತು. ಇಲ್ಲಿಗೆ ಕಥೆ ನಿಲ್ಲಿಸಿದರೆ ನಿಮ್ಮ ಏಣಿಗೆ ಒಂದು ಮೆಟ್ಟಿಲು ಸಿಕ್ಕಂತಾಯಿತು. ಆದರೆ 1982–83ರಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೋ ಬಂದು ದ್ವೀಪದ ಮೇಲೆ ಮಳೆ ಸುರಿಯಿತು, ಬಳ್ಳಿಗಳು ಹಬ್ಬಿ ಎಲ್ಲೆಲ್ಲೂ ಸಣ್ಣ ಬೀಜಗಳಾದವು. ಮುಂದಿನ ವರ್ಷಗಳಲ್ಲಿ ಸಣ್ಣ ಕೊಕ್ಕಿನವೇ ಮೇಲುಗೈ ಪಡೆದವು. ಈಗ ಹೇಳಿ, ಇವುಗಳಲ್ಲಿ ಹೆಚ್ಚು ವಿಕಾಸ ಹೊಂದಿದ ಹಕ್ಕಿ ಯಾವುದು? "ಬಲವಿದ್ದವನೇ ಉಳಿಯುತ್ತಾನೆ, ಇದು ಡಾರ್ವಿನ್ ನಿಯಮ" ಎಂದು ವೇದಿಕೆ ಏರಿ ಕಿರುಚುವ ಸ್ಫೂರ್ತಿಭಾಷಣಕಾರರನ್ನು ಒಂದು ಬರಗಾಲ, ಒಂದು ಮಳೆಗಾಲ ಆ ದ್ವೀಪದಲ್ಲಿ ಬಿಟ್ಟು ಬರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬ್ಯಾಕ್ಟೀರಿಯಾಗಳಿಗೆ ಎರಡು ಸಂಚಿಕೆ ಹೆಚ್ಚಾಯಿತು ಎಂದಿರಿ. ನನ್ನ ಲೆಕ್ಕದಲ್ಲಿ ಕಡಿಮೆಯಾಯಿತು. ಪುಟಕ್ಕೆ ಒಂದು ಕೋಟಿ ವರ್ಷದಂತೆ ಭೂಮಿಯ ಚರಿತ್ರೆ ಬರೆಯಲು ಕೂತರೆ 454 ಪುಟಗಳಾಗುತ್ತವೆ. ಸೂಕ್ಷ್ಮಜೀವಿಗಳ ಹಾಸು ಪದರ ಪದರವಾಗಿ ಕಲ್ಲಾದ ಸ್ಟ್ರೊಮ್ಯಾಟೊಲೈಟುಗಳು ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿವೆ, ವಯಸ್ಸು 348 ಕೋಟಿ ವರ್ಷ. ಅವು 106ನೇ ಪುಟದಲ್ಲಿ ಬರುತ್ತವೆ. ಬಿಸಿಲಿನಿಂದ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಾಗಳು ಬಿಟ್ಟ ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗುವುದು 214ನೇ ಪುಟದ ಆಸುಪಾಸಿನಲ್ಲಿ. 400ನೇ ಪುಟ ಹತ್ತಿರ ಬರುವ ತನಕ ಪ್ರಾಣಿ ಎನ್ನುವಂಥದ್ದು ಕಣ್ಣಿಗೆ ಬೀಳುವುದೇ ಅಪರೂಪ. ಹಕ್ಕಿಗಳ ಕವಲೊಂದನ್ನು ಬಿಟ್ಟು ಉಳಿದ ಡೈನೋಸಾರ್‌ಗಳು 448ನೇ ಪುಟದಲ್ಲಿ ಮುಗಿಯುತ್ತವೆ. ಪುಟಕ್ಕೆ 25 ಸಾಲು ಎಂದುಕೊಂಡರೆ ನಮ್ಮ ಪ್ರಭೇದದ ಮೂರು ಲಕ್ಷ ವರ್ಷಗಳಿಗೆ ಸಿಗುವುದು ಕಟ್ಟಕಡೆಯ ಸಾಲಿನ ಮುಕ್ಕಾಲು ಭಾಗ. ಅದಕ್ಕೆ ಅರ್ಧ ಪುಟ ಕೊಟ್ಟ ನಾನು ಧಾರಾಳಿಯೇ ಸರಿ.

ಅಷ್ಟೇ ಅಲ್ಲ, ಆ ಹಳೆಯ ಪುಟಗಳವರು ಇನ್ನೂ ನಮ್ಮೊಳಗೇ ಇದ್ದಾರೆ. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ಪ್ರತ್ಯೇಕ ಡಿಎನ್‌ಎ ಇದೆ. ಬ್ಯಾಕ್ಟೀರಿಯಾಗಳಲ್ಲಿರುವಂತೆಯೇ ಉಂಗುರದ ಆಕಾರ; 16,569 ಅಕ್ಷರ, 37 ಜೀನುಗಳು. ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿದುಬಿಟ್ಟಿತು ಎಂದು ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ವಾದಿಸಿದಾಗ ಒಂದಾದ ಮೇಲೊಂದು ಪತ್ರಿಕೆ ಆಕೆಯ ಲೇಖನವನ್ನು ತಿರಸ್ಕರಿಸಿತು. ಕೊನೆಗೆ 1967ರಲ್ಲಿ ಅದು ಅಚ್ಚಾಯಿತು. ಸಂಪಾದಕರ ಕುಲಕ್ಕೆ ಸೇರಿದ ನಾನು ಈ ಪ್ರಸಂಗವನ್ನು ಇಲ್ಲಿಗೇ ಬಿಡುತ್ತೇನೆ.

ಮೇಷ್ಟ್ರುಗಳ ಕುಲದ ಕಥೆಯೊಂದು ಮಾತ್ರ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. 1956ರಲ್ಲಿ ಟೀನಾ ನೀಗಸ್ ಎಂಬ ಹದಿನೈದರ ಹುಡುಗಿಗೆ ಇಂಗ್ಲೆಂಡಿನ ಚಾರ್ನ್‌ವುಡ್ ಕಾಡಿನ ಬಂಡೆಯ ಮೇಲೆ ಜರಿಗಿಡದ ಎಲೆಯಂಥ ಅಚ್ಚು ಕಾಣಿಸಿತು. ಎಲೆಗೆ ಇರಬೇಕಾದ ನಡುದಂಟು ಮಾತ್ರ ಅದಕ್ಕಿರಲಿಲ್ಲ. ಆ ಬಂಡೆಗಳು ಸುಮಾರು 54 ಕೋಟಿ ವರ್ಷಗಳ ಹಿಂದೆ ಶುರುವಾದ ಕೇಂಬ್ರಿಯನ್ ಯುಗಕ್ಕಿಂತ ಹಳೆಯವು ಎಂದು ಅವಳಿಗೆ ಗೊತ್ತಿತ್ತು. ಶಾಲೆಯಲ್ಲಿ ಭೂಗೋಳದ ಟೀಚರಿಗೆ ಹೇಳಿದಳು. ಅಷ್ಟು ಹಳೆಯ ಬಂಡೆಯಲ್ಲಿ ಪಳೆಯುಳಿಕೆ ಇರುವುದಿಲ್ಲ ಎಂದು ಉತ್ತರ ಬಂತು, ಮಾತು ಮುಗಿಯಿತು. ಹುಡುಗಿ ಸುಮ್ಮನಾಗದೆ ಬಂಡೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡಳು, ಆದರೆ ಅದನ್ನು ನೋಡುವವರಿರಲಿಲ್ಲ. ಮರುವರ್ಷ ರೋಜರ್ ಮೇಸನ್ ಎಂಬ ಶಾಲಾಹುಡುಗನ ಕಣ್ಣಿಗೂ ಅದು ಬಿತ್ತು. ಅವನ ಸುದ್ದಿ ಲೆಸ್ಟರ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಟ್ರೆವರ್ ಫೋರ್ಡ್ ಅವರನ್ನು ತಲುಪಿತು. 1958ರಲ್ಲಿ ಅದು ಚಾರ್ನಿಯಾ ಮೇಸೋನಿ ಎಂಬ ಹೆಸರಿನಲ್ಲಿ ಪ್ರಕಟವಾಯಿತು, ಹುಡುಗನ ಹೆಸರೇ ನಿಂತಿತು. ಚಾರ್ನಿಯಾ ಸಸ್ಯವಲ್ಲ, ಬೆಳಕು ತಲುಪದ ಆಳದ ಕಡಲಿನಲ್ಲಿ ಸುಮಾರು 56 ಕೋಟಿ ವರ್ಷಗಳ ಹಿಂದೆ ನಿಂತಿದ್ದ ಜೀವಿ. ಕೇಂಬ್ರಿಯನ್‌ಗಿಂತ ಹಿಂದಿನ ಬಂಡೆಗಳು ಯಾಕೆ ಬರಿದಾಗಿವೆ ಎಂಬ ಪ್ರಶ್ನೆ ಡಾರ್ವಿನ್‌ನನ್ನೇ ಕಾಡಿತ್ತು. ಅದಕ್ಕೆ ಉತ್ತರದ ಮೊದಲ ತುಂಡುಗಳಲ್ಲೊಂದು ಒಬ್ಬ ಹುಡುಗಿಯ ಕೈಯಲ್ಲಿತ್ತು, ಪಾಠದಲ್ಲಿ ಅದಕ್ಕೆ ಜಾಗವಿರಲಿಲ್ಲ.

ನಿಮ್ಮ ತರಗತಿಯ ಹುಡುಗಿಯನ್ನು ನೀವು ಹಾಗೆ ಕೂರಿಸಲಿಲ್ಲ. ಉತ್ತರ ಹುಡುಕಿಕೊಂಡು ಕಾಗದ ಬರೆದಿರಿ. ಅದಕ್ಕಾಗಿಯೇ ಇಷ್ಟು ಉದ್ದದ ಉತ್ತರ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. "ಕೆಳಗಿನವುಗಳನ್ನು ವಿಕಾಸದ ಸರಿಯಾದ ಕ್ರಮದಲ್ಲಿ ಬರೆಯಿರಿ" ಎಂದು ಕೇಳಿ, ಕೊನೆಗೆ ಮನುಷ್ಯ ಬರದಿದ್ದರೆ ಅಂಕ ಕಳೆಯುವ ಪ್ರಶ್ನೆಪತ್ರಿಕೆಗಳ ಮೇಲೆ. ಒಂದು ಮೂಳೆ ಸಿಕ್ಕಿದರೆ ಸಾಕು, "ಕಳೆದುಹೋದ ಕೊಂಡಿ ಪತ್ತೆ!" ಎಂದು ತಲೆಬರಹ ಕೊಡುವ ಸುದ್ದಿಮನೆಗಳ ಮೇಲೆ. ಸ್ಟೆಗೊಸಾರಸ್‌ಗೂ ಟಿರನೊಸಾರಸ್‌ಗೂ ಕುಸ್ತಿ ಹಚ್ಚುವ ಮಕ್ಕಳ ಪುಸ್ತಕಗಳ ಮೇಲೆ. ಆ ಎರಡರ ನಡುವೆ ಎಂಟು ಕೋಟಿ ವರ್ಷಗಳ ಅಂತರವಿದೆ, ಟಿರನೊಸಾರಸ್‌ನಿಂದ ನಮಗೆ ಅಷ್ಟೂ ಇಲ್ಲ. ಇವರ‍್ಯಾರಿಗೂ ನಮಗೆ ಹೇಗೆ ಗೊತ್ತಾಯಿತು ಎಂಬುದು ಬೇಡ. ಪಳೆಯುಳಿಕೆ ತಜ್ಞ ನೀಲ್ ಶೂಬಿನ್ ಮತ್ತು ಸಂಗಡಿಗರು ಮೀನಿಗೂ ನಾಲ್ಕು ಕಾಲಿನವಕ್ಕೂ ನಡುವಿನ ಪ್ರಾಣಿ ಯಾವ ವಯಸ್ಸಿನ, ಯಾವ ಬಗೆಯ ಬಂಡೆಯಲ್ಲಿ ಇರಬೇಕೆಂದು ಮೊದಲು ಲೆಕ್ಕ ಹಾಕಿ, ಆಮೇಲೆ ಕೆನಡಾದ ಉತ್ತರಧ್ರುವ ಪ್ರದೇಶಕ್ಕೆ ಹೋಗಿ, ಹಲವು ಬೇಸಗೆಗಳನ್ನು ಅಲ್ಲಿ ಕಳೆದು, 2004ರಲ್ಲಿ ಎಲ್ಸ್‌ಮಿಯರ್ ದ್ವೀಪದಲ್ಲಿ 37.5 ಕೋಟಿ ವರ್ಷ ಹಳೆಯ ಟಿಕ್ಟಾಲಿಕ್‌ನ್ನು ಕಂಡರು. ಪಠ್ಯದಲ್ಲಿ ಉಳಿಯುವುದು ಅದರ ಹೆಸರು, ಬಿಟ್ಟ ಸ್ಥಳ ತುಂಬಲು.

ಇಸವಿಗಳ ವಿಚಾರ. ಕೋಟಿ ವರ್ಷಗಳ ಲೆಕ್ಕದಲ್ಲಿ 454, 348, 240, 54, 25, 6.6 ಇಷ್ಟು ನೆನಪಿದ್ದರೆ ನನ್ನ ಪ್ರಕಾರ ಸಾಕು: ಭೂಮಿ, ಜೀವದ ಹಳೆಯ ಗುರುತು, ಆಮ್ಲಜನಕ, ಕೇಂಬ್ರಿಯನ್, ಎಲ್ಲಕ್ಕಿಂತ ದೊಡ್ಡ ಸಾಮೂಹಿಕ ಅಳಿವು, ಡೈನೋಸಾರ್‌ಗಳ ಅಂತ್ಯ. ಉಳಿದ ಹೆಸರುಗಳು ತರಗತಿಯ ಗೋಡೆಯ ಮೇಲಿರಲಿ. ಆದರೆ ಈ ಆರರಲ್ಲಿ ಒಂದಾದರೂ ಸಂಖ್ಯೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿರಬೇಕು. ಭೂಮಿಯ ವಯಸ್ಸನ್ನು ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯೊಳಗಿನ ಸೀಸವನ್ನು ಅಳೆದು ಕಂಡುಕೊಂಡರು, 1956ರಲ್ಲಿ ಪ್ರಕಟಿಸಿದರು. ಅಳೆಯಲು ಹೊರಟಾಗ ಸುತ್ತಲಿಂದ ಸೀಸ ಸೇರಿಕೊಂಡು ಲೆಕ್ಕವೆಲ್ಲ ಕೆಡುತ್ತಿತ್ತು. ಪ್ರಯೋಗಶಾಲೆಯನ್ನು ತೊಳೆದು, ತಿಕ್ಕಿ, ಗಾಳಿಯನ್ನೂ ಶೋಧಿಸಿ ಕೆಲಸ ಮುಗಿಸಿದ ಮೇಲೆ ಜಗತ್ತಿನಲ್ಲೆಲ್ಲ ಇಷ್ಟು ಸೀಸ ಎಲ್ಲಿಂದ ಬಂತೆಂದು ಹುಡುಕಿ, ಪೆಟ್ರೋಲಿಗೆ ಸೀಸ ಬೆರೆಸುವ ಉದ್ಯಮವನ್ನೇ ಎದುರುಹಾಕಿಕೊಂಡರು. ಆ ಕಥೆಗೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿರಿಸಿದ್ದೇನೆ. ಅದರ ತುಂಬ ಮನುಷ್ಯರೇ ಇದ್ದಾರೆ, ನಿಮಗೆ ಸ್ವಲ್ಪ ಸಮಾಧಾನವಾದೀತು.