ಸಿಗರೇಟ್ ಬಿಟ್ಟ ಮೇಲೆ ಶುರುವಾದ ಎದೆಬಡಿತ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ವಯಸ್ಸು 38. ಹದಿನೈದು ವರ್ಷ ದಿನಕ್ಕೊಂದು ಪ್ಯಾಕಿನಷ್ಟು ಸೇದುತ್ತಿದ್ದವರು ನಮ್ಮ ಕ್ಲಿನಿಕ್‌ಗೆ ಬಂದಾಗ ಸಿಗರೇಟ್ ಬಿಟ್ಟು ಮೂರು ವಾರವಾಗಿತ್ತು. ಎದೆ ಢವಢವ, ಕೈನಡುಕ, ರಾತ್ರಿ ಎರಡಾದರೂ ನಿದ್ದೆಯಿಲ್ಲ. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು. "ಸೇದ್ತಿದ್ದಾಗ್ಲೇ ಚೆನ್ನಾಗಿದ್ದೆ ಮೇಡಂ, ಬಿಟ್ಟಿದ್ದೇ ತಪ್ಪಾಯ್ತೇನೋ" ಎಂದರು.

ನಿಕೋಟಿನ್ ಬಿಟ್ಟ ಚಡಪಡಿಕೆ ಸಾಮಾನ್ಯವಾಗಿ ಮೊದಲ ವಾರ ಜೋರಾಗಿದ್ದು ಆಮೇಲೆ ಇಳಿಯುತ್ತದೆ. ಇವರದು ಎರಡನೇ ವಾರದಿಂದ ಏರಿತ್ತು. ಹಾಗಾಗಿ ಕಾಫಿಯ ಲೆಕ್ಕ ಕೇಳಿದೆವು. ಬೆಳಿಗ್ಗೆ ಎರಡು ಲೋಟ, ಸಂಜೆ ಆರಕ್ಕೆ ಒಂದು, ಆಫೀಸಿನ ಬಳಿಯ ದರ್ಶಿನಿಯಲ್ಲಿ ಮೂರು ಬೈಟು. ಮನೆಯ ಪುಡಿ 80:20 (ಕಾಫಿ 80, ಚಿಕೋರಿ 20); ಲೋಟಕ್ಕೆ 10 ಗ್ರಾಂ ಹಾಕಿದರೆ ಅದರಲ್ಲಿ ಕಾಫಿ 8 ಗ್ರಾಂ, ಡಿಕಾಕ್ಷನ್‌ಗೆ ಇಳಿಯುವ ಕೆಫೀನ್ ಸುಮಾರು 100 ಮಿಲಿಗ್ರಾಂ. ಬೈಟುಗೆ 50 ಎಂದು ಹಿಡಿದರೂ ದಿನಕ್ಕೆ 450. ಆರೋಗ್ಯವಂತ ವಯಸ್ಕರಿಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಮಿತಿ 400. ಮೀರಿದ್ದು ಸ್ವಲ್ಪವೇ, ಮತ್ತೆ ಇಷ್ಟು ವರ್ಷ ಏನೂ ಆಗಿರಲಿಲ್ಲ.

ಆಗದಿದ್ದಕ್ಕೆ ಕಾರಣ ಸಿಗರೇಟೇ. ಹೊಗೆಯಲ್ಲಿನ ಟಾರು ಯಕೃತ್ತಿನಲ್ಲಿ ಕೆಫೀನ್ ಒಡೆಯುವ ಕಿಣ್ವವನ್ನು ಹೆಚ್ಚಿಸುತ್ತದೆ. ಸೇದುವವರ ಮೈಯಿಂದ ಕೆಫೀನ್ ಬೇಗ ಹೋಗುತ್ತದೆ. ಬಿಟ್ಟು ಒಂದು ವಾರದೊಳಗೆ ಕಿಣ್ವ ಮಾಮೂಲಿಗೆ ಇಳಿಯುತ್ತದೆ, ಅದೇ ಕಾಫಿಗೆ ರಕ್ತದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ನಿಲ್ಲುತ್ತದೆ. ಸಂಜೆ ಆರರ ಲೋಟದಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಉಳಿದಿರುತ್ತದೆ. ಈ ಕೆಲಸ ಹೊಗೆಯದು, ನಿಕೋಟಿನ್‌ದಲ್ಲ. ಸಿಗರೇಟ್ ಬಿಡಲು ಬಳಸುವ ನಿಕೋಟಿನ್ ಗಮ್ ಅಗಿದರೆ ಕಿಣ್ವ ಏರುವುದಿಲ್ಲ. ಸಿಗರೇಟ್ ಬಿಡುವ ದಿನವೇ ಕಾಫಿಯನ್ನು ಅರ್ಧಕ್ಕಿಳಿಸಿ ಎಂದು ಯಾರಾದರೂ ಹೇಳಿದ್ದರೆ ಇವರ ಸಂಕಟ ಬಹುಶಃ ಇಷ್ಟು ಏರುತ್ತಿರಲಿಲ್ಲ.

ಕಾಫಿ ಪೂರ್ತಿ ಬಿಡಿ ಎನ್ನಲಿಲ್ಲ. ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ ವಾರದವರೆಗೂ ಕಾಡಬಹುದು, ಅದನ್ನೂ ಸಿಗರೇಟಿನ ಲೆಕ್ಕಕ್ಕೇ ಬರೆದು ಮತ್ತೆ ಹಚ್ಚುತ್ತಾರೆ. ಮೊದಲು ಸಂಜೆಯ ಲೋಟ ನಿಲ್ಲಿಸಿ ಧನಿಯಾ-ಜೀರಿಗೆ ಕಷಾಯ. ನಾಲ್ಕು ದಿನ ಬಿಟ್ಟು ಮನೆಗೆ 60:40 ಪುಡಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಬಣ್ಣ-ಕಹಿ ಉಳಿಯುತ್ತದೆ. ಎರಡನೇ ವಾರ ಬೈಟು ಮೂರರಿಂದ ಒಂದಕ್ಕೆ, ಅದೂ ಮಧ್ಯಾಹ್ನ ಹನ್ನೆರಡರೊಳಗೆ. ತಲೆನೋವಿಗೆ ಮಾತ್ರೆ ತಗೊಂಡರೆ ಸ್ಟ್ರಿಪ್ ಓದಿ; ಕೆಲವು ಪ್ಯಾರಾಸಿಟಮಾಲ್ ಮಾತ್ರೆಗಳಲ್ಲಿ ಕೆಫೀನ್ ಸೇರಿರುತ್ತದೆ.

ಇನ್ನೊಂದು ತಪ್ಪು ಮಾತಿನ ನಡುವೆ ಸಿಕ್ಕಿತು. ಹಿಂದೆ ಕಾಫಿ ಜೊತೆ ಸಿಗರೇಟ್, ಈಗ ಕಾಫಿ ಕುಡಿದ ಕೂಡಲೇ ನಿಕೋಟಿನ್ ಗಮ್. ಕಾಫಿಯ ಹುಳಿಗೆ ಬಾಯಲ್ಲಿ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ, ಗಮ್ ದಂಡ. ಕಾಲು ಗಂಟೆ ಬಿಟ್ಟು ಅಗಿಯಿರಿ, ಖಾರ ತಾಗಿದಾಗ ಒಸಡು-ಕೆನ್ನೆ ನಡುವೆ ಇಟ್ಟುಕೊಳ್ಳಿ ಎಂದೆವು. ಸೇದುವ ಗುಂಪು ನಿಲ್ಲುವ ಕಡೆ ಬೇಡ, ಒಳಗೆ ಕೂತು ಕುಡಿಯಿರಿ ಎಂದೂ ಹೇಳಿ, ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356 ಬರೆದುಕೊಟ್ಟೆವು.

ಇದಾದ ಮೂರನೇ ವಾರ ಮತ್ತೆ ಬಂದಾಗ ನಡುಕ ನಿಂತಿತ್ತು, ಹನ್ನೊಂದೂವರೆಗೆ ನಿದ್ದೆ ಬರುತ್ತಿತ್ತು. ಸಿಗರೇಟ್ ಮುಟ್ಟಿರಲಿಲ್ಲ.

ಎದೆನೋವು, ತಲೆಸುತ್ತಿ ಬೀಳುವುದು ಇದ್ದರೆ ಕಾಫಿ ಲೆಕ್ಕ ಹಾಕುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಮನೋರೋಗದ ಔಷಧಗಳಾದ ಕ್ಲೋಜಪಿನ್, ಓಲಾಂಜಪಿನ್, ಉಬ್ಬಸದ ಔಷಧ ಥಿಯೋಫಿಲಿನ್ ತೆಗೆದುಕೊಳ್ಳುವವರಲ್ಲಿ ಹೊಗೆ ನಿಂತರೆ ಈ ಔಷಧಗಳ ಮಟ್ಟವೂ ಹೀಗೆಯೇ ಏರುತ್ತದೆ. ಅವರು ಸಿಗರೇಟ್ ಬಿಡುವ ಮೊದಲೇ ವೈದ್ಯರಿಗೆ ತಿಳಿಸಿ ಡೋಸ್ ಕೇಳಿಕೊಳ್ಳಬೇಕು.